ಹಳೆ ಮೇಲ್ ಸರ್ವರ್ ತೆಗೆದ ಅನುಭವ

ಹೊಸ ಮೇಲ್ ಸರ್ವರ್ ಚಾಲೂ ಆಯಿತು, ಎಲ್ಲರ ಮೇಲ್‌ಬಾಕ್ಸೂ ಅತ್ತ ಹೋಯಿತು, ಕೆಲವು ವಾರ ಯಾರಿಂದಲೂ ದೂರು ಬರಲಿಲ್ಲ. ಅಷ್ಟಾದ ಮೇಲೆ ಆಫೀಸಿನಲ್ಲಿ ಎದುರಾದವರೆಲ್ಲ ಕೇಳಿದ್ದು ಒಂದೇ ಮಾತು: "ಸಾರ್, ಇನ್ನು ಹಳೇದನ್ನ ಆಫ್ ಮಾಡ್ಬಹುದಲ್ವಾ?" ಯುಪಿಎಸ್ ಮೇಲಿನ ಹೊರೆ ಇಳಿಯುತ್ತದೆ, ಸರ್ವರ್ ರೂಮಿನ ಎಸಿಗೂ ಸ್ವಲ್ಪ ಬಿಡುವು ಸಿಗುತ್ತದೆ ಅನ್ನುವುದು ಅವರ ಲೆಕ್ಕ. ಲೆಕ್ಕ ಸರಿಯೇ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವ ನಮ್ಮೂರಲ್ಲಿ ಅದು ಸಣ್ಣ ಲಾಭವೂ ಅಲ್ಲ. ಆದರೆ ನಮ್ಮದು ಎಕ್ಸ್‌ಚೇಂಜ್, ಅಂದರೆ ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಸಾಫ್ಟ್‌ವೇರ್. ಅದರ ವಿಷಯದಲ್ಲಿ ಆಫ್ ಮಾಡುವುದು ಬೇರೆ, ತೆಗೆಯುವುದು ಬೇರೆ. ಪವರ್ ಬಟನ್ ಒತ್ತಿದರೆ ಯಂತ್ರ ನಿಲ್ಲುತ್ತದೆ, ಅಷ್ಟೇ. ಆಫೀಸಿನ ಬಳಕೆದಾರರು, ಕಂಪ್ಯೂಟರುಗಳ ಲೆಕ್ಕ ಇಡುವ ಆಕ್ಟಿವ್ ಡೈರೆಕ್ಟರಿಯಲ್ಲಿ ಅದರ ಹೆಸರು, ಡೇಟಾಬೇಸು, ಮೇಲ್ ಬಂದು ಹೋಗುವ ದಾರಿಗಳಾದ ಕನೆಕ್ಟರುಗಳು ಎಲ್ಲ ಹಾಗೇ ಉಳಿದಿರುತ್ತವೆ. ಹೊಸ ಸರ್ವರ್ ಅದು ಇನ್ನೂ ಬದುಕಿದೆ ಅಂದುಕೊಂಡೇ ಕೆಲಸ ಮಾಡುತ್ತದೆ. ಮುಂದೆ ಯಾವತ್ತೋ ಒಂದು ಅಪ್‌ಡೇಟ್ ಹಾಕುವಾಗ ಆ ಸತ್ತ ಹೆಸರು ಅಡ್ಡ ಬರುತ್ತದೆ.

ನಾನಿರುವುದು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಆಲ್ದೂರು, ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆಯ ತೋಟಗಳಿಂದ ಪಾರ್ಚ್‌ಮೆಂಟು (ಹಣ್ಣಿನ ತಿರುಳು ತೆಗೆದು ಒಣಗಿಸಿದ ಬೀಜ), ಚೆರ್ರಿ (ಇಡಿಯಾಗಿ ಒಣಗಿಸಿದ ಹಣ್ಣು) ಮೂಟೆಗಳಲ್ಲಿ ಬರುತ್ತವೆ. ಸಿಪ್ಪೆ ತೆಗೆದು, ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿದು, ಕೆಟ್ಟ ಬೀಜ ಆರಿಸಿ, ಯಾವ ಗ್ರೇಡ್ ಎಷ್ಟು ಸಿಕ್ಕಿತು ಅನ್ನುವ ಔಟ್‌ಟರ್ನ್ ಲೆಕ್ಕವನ್ನು ಬೆಳೆಗಾರರಿಗೆ ಕಳಿಸುತ್ತೇವೆ. ಅದು ಮೇಲ್‌ನಲ್ಲೇ ಹೋಗುವುದು. ವರ್ಷವಿಡೀ ಮಳೆ, ಬಿಸಿಲು, ಕೂಲಿ ಆಳು ಅಂತ ಒದ್ದಾಡಿದ ಬೆಳೆಗಾರ ತನ್ನ ಬೆಳೆಯ ಗುಣ ಏನು, ಕೈಗೆ ಎಷ್ಟು ಬರುತ್ತದೆ ಅಂತ ತಿಳಿಯುವುದು ಆ ಒಂದು ಹಾಳೆಯಿಂದ. ಆ ಮೇಲ್ ಒಂದು ದಿನ ತಡವಾದರೂ ಫೋನ್ ಬರುತ್ತದೆ, ಬರಬೇಕು ಕೂಡ. ಹಾಗಾಗಿ ಮೇಲ್ ಸರ್ವರ್ ನನ್ನ ಪಾಲಿಗೆ ಬರೀ ಆಫೀಸಿನ ಅನುಕೂಲವಲ್ಲ.

ಹಳೆಯದು ಎಕ್ಸ್‌ಚೇಂಜ್ 2016, ವಿಂಡೋಸ್ ಸರ್ವರ್ 2012 ಆರ್2 ಮೇಲೆ ಕೂತಿತ್ತು. ಆ ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನ ಬೆಂಬಲ 2023ರ ಅಕ್ಟೋಬರ್ 10ಕ್ಕೇ ಮುಗಿದಿತ್ತು. ಎಕ್ಸ್‌ಚೇಂಜ್ 2016 ಮತ್ತು 2019 ಎರಡಕ್ಕೂ 2025ರ ಅಕ್ಟೋಬರ್ 14 ಕೊನೆಯ ದಿನ. 2025ರ ಜುಲೈ 1ರಂದು ಎಕ್ಸ್‌ಚೇಂಜ್ ಸಬ್‌ಸ್ಕ್ರಿಪ್ಷನ್ ಎಡಿಷನ್ ಬಂತು. ನಾವು ಅದನ್ನು ವಿಂಡೋಸ್ ಸರ್ವರ್ 2022 ಇರುವ ಹೊಸ ಯಂತ್ರದಲ್ಲಿ ಹಾಕಿ, ಎರಡನ್ನೂ ಜೊತೆಯಲ್ಲೇ ಓಡಿಸಿ, ಮಳೆಗಾಲದಲ್ಲಿ ಮೇಲ್‌ಬಾಕ್ಸ್‌ಗಳನ್ನು ಒಂದೊಂದೇ ಸಾಗಿಸಿದೆವು. ಆ ಭಾಗ ಹೇಳಿಕೊಳ್ಳುವಂಥದ್ದೇನೂ ಅಲ್ಲ. ರಾತ್ರಿ ಹೊತ್ತು ಮೂವ್ ರಿಕ್ವೆಸ್ಟ್ ಹಾಕಿದರೆ ಬೆಳಿಗ್ಗೆಗೆ ಮುಗಿದಿರುತ್ತಿತ್ತು. ಇಂಟರ್ನೆಟ್ ಕಡೆಯಿಂದ ಬರುವುದನ್ನೂ ಅಕ್ಟೋಬರ್‌ಗೆ ಮುನ್ನವೇ ಹೊಸದಕ್ಕೆ ತಿರುಗಿಸಿದ್ದೆ.

ಹಳೆಯದು ಮೂಲೆಯಲ್ಲಿ ಸುಮ್ಮನೆ ಓಡಿಕೊಂಡಿರಲಿ, ಬಿಡಿ ಅನ್ನುವವರೂ ಇದ್ದರು. ಅದಕ್ಕೂ ನಾನು ಒಪ್ಪಲಿಲ್ಲ. 2021ರ ಮಾರ್ಚ್‌ನಲ್ಲಿ ಎಕ್ಸ್‌ಚೇಂಜ್‌ನ ಪ್ರಾಕ್ಸಿಲಾಗನ್ ಎಂದು ಹೆಸರಾದ ದೋಷಗಳು ಹೊರಬಿದ್ದಾಗ ಏನಾಯಿತು ಅನ್ನುವುದು ಈ ಕೆಲಸದಲ್ಲಿ ಇರುವವರಿಗೆಲ್ಲ ನೆನಪಿದೆ. ಮೈಕ್ರೋಸಾಫ್ಟ್ ಮಾರ್ಚ್ 2ಕ್ಕೆ ತುರ್ತು ಪ್ಯಾಚ್ ಬಿಟ್ಟಿತು. ಪಾಸ್‌ವರ್ಡ್ ಇಲ್ಲದೆಯೇ ಹೊರಗಿನವರು 443 ಪೋರ್ಟ್ (ವೆಬ್‌ನ ಬಾಗಿಲು) ಮೂಲಕ ಒಳಗೆ ಬಂದು ವೆಬ್‌ಶೆಲ್, ಅಂದರೆ ದೂರದಿಂದ ಸರ್ವರ್ ಆಡಿಸುವ ಕಳ್ಳ ಪ್ರೋಗ್ರಾಂ, ಇಟ್ಟು ಹೋಗಬಹುದಾಗಿತ್ತು. ಜಗತ್ತಿನಾದ್ಯಂತ ಸಾವಿರಾರು ಸರ್ವರ್‌ಗಳಲ್ಲಿ ಹಾಗೇ ಆಯಿತು. ಪ್ಯಾಚ್ ಬರುವುದು ನಿಂತ ಸರ್ವರ್ ಅಂದರೆ ಅಂಥದ್ದೊಂದು ಮತ್ತೆ ಬಂದಾಗ ಕಾಪಾಡಲು ಯಾರೂ ಇಲ್ಲದ ಸರ್ವರ್. ಅದು ಒಳಗಿನ ನೆಟ್‌ವರ್ಕ್‌ನಲ್ಲಿ ಇದ್ದರೂ ಅಪಾಯವೇ, ಯಾಕೆಂದರೆ ಎಕ್ಸ್‌ಚೇಂಜ್‌ಗೆ ಆಕ್ಟಿವ್ ಡೈರೆಕ್ಟರಿಯಲ್ಲಿ ದೊಡ್ಡ ಅಧಿಕಾರ ಇರುತ್ತದೆ.

ಸರಿ, ತೆಗೆಯಬೇಕು. ಮೊದಲು ಗೊತ್ತಾಗಬೇಕಾದದ್ದು, ಇನ್ನೂ ಯಾರು ಅದರ ಬಾಗಿಲು ತಟ್ಟುತ್ತಿದ್ದಾರೆ ಅನ್ನುವುದು. ಇಲ್ಲಿ ಒಂದು ತೊಡಕಿದೆ. 2016 ಮತ್ತು ಅದರ ಮುಂದಿನ ಆವೃತ್ತಿಗಳು ಒಂದಕ್ಕೊಂದು ಪ್ರಾಕ್ಸಿ ಮಾಡುತ್ತವೆ. ಯಾರದ್ದೋ ಔಟ್‌ಲುಕ್ ಹಳೆ ಸರ್ವರ್‌ಗೇ ಬಂದು ಲಾಗಿನ್ ಕೇಳಿದರೂ, ಅದು "ನಿನ್ನ ಮೇಲ್‌ಬಾಕ್ಸ್ ಇಲ್ಲಿಲ್ಲ" ಅಂತ ಬೈದು ಕಳಿಸುವುದಿಲ್ಲ. ಸದ್ದಿಲ್ಲದೆ ಹೊಸ ಸರ್ವರ್‌ಗೆ ದಾಟಿಸಿ, ಉತ್ತರ ತಂದು ಕೊಡುತ್ತದೆ. ಬಳಕೆದಾರನಿಗೆ ಎಲ್ಲ ಸರಿಯಾಗಿದೆ ಅನಿಸುತ್ತದೆ. ದೂರು ಬರಲಿಲ್ಲ ಅನ್ನುವುದು ಅದಕ್ಕೇ ಏನನ್ನೂ ಸಾಬೀತು ಮಾಡುವುದಿಲ್ಲ.

ಹಾಗಾಗಿ ಹಳೆ ಸರ್ವರ್‌ನ ಐಐಎಸ್ ಲಾಗ್, ಅಂದರೆ ವೆಬ್ ಮೂಲಕ ಯಾರು ಯಾವಾಗ ಬಂದರು ಅನ್ನುವ ದಾಖಲೆ, ತೆಗೆದು ಕೂತೆ. ಮೊದಲ ನೋಟಕ್ಕೆ ಎದೆ ಝಲ್ಲೆನ್ನುತ್ತದೆ, ನಿಮಿಷಕ್ಕೆ ನೂರಾರು ಸಾಲು. ನೋಡಿದರೆ ಬಹುಪಾಲು ಹೆಲ್ತ್‌ಮೇಲ್‌ಬಾಕ್ಸ್ ಅನ್ನುವ ಹೆಸರಿನವು. ಎಕ್ಸ್‌ಚೇಂಜ್ ತನ್ನ ಆರೋಗ್ಯವನ್ನು ತಾನೇ ಪರೀಕ್ಷೆ ಮಾಡಿಕೊಳ್ಳಲು ಇಟ್ಟುಕೊಂಡ ಖಾತೆಗಳು ಅವು, ಹಗಲೂ ರಾತ್ರಿ ಲಾಗಿನ್ ಆಗುತ್ತಲೇ ಇರುತ್ತವೆ. ಅವನ್ನೂ, 127.0.0.1 (ಅಂದರೆ ಅದೇ ಯಂತ್ರ) ಮತ್ತು ಹೊಸ ಸರ್ವರ್‌ನ ವಿಳಾಸದಿಂದ ಬಂದ ಸಾಲುಗಳನ್ನೂ ಸೋಸಿ ತೆಗೆದರೆ ಉಳಿಯುವುದು ಬೆರಳೆಣಿಕೆ. ಇನ್ನೊಂದು ವಿಷಯ, ಆ ಲಾಗ್‌ನಲ್ಲಿ ಸಮಯ ಯುಟಿಸಿಯಲ್ಲಿ ಇರುತ್ತದೆ. ಬೆಳಿಗ್ಗೆ 9.30ಕ್ಕೆ ಕಂಪ್ಯೂಟರ್ ಆನ್ ಮಾಡಿದವರು ಅಲ್ಲಿ 04:00 ಅಂತ ಕಾಣುತ್ತಾರೆ. ಐದೂವರೆ ಗಂಟೆ ಕೂಡಿಸಿ ನೋಡಿದಾಗಲೇ ಅದು ಆಫೀಸಿನ ಸಮಯದ ಮನುಷ್ಯನೋ, ನಡುರಾತ್ರಿಯ ಶೆಡ್ಯೂಲ್ ಕೆಲಸವೋ ಗೊತ್ತಾಗುವುದು.

ಸೋಸಿದ ಮೇಲೆ ಉಳಿದವರಲ್ಲಿ ಒಂದೆರಡು ಹಳೆ ಫೋನು, ಐಮ್ಯಾಪ್‌ನಲ್ಲಿ (ಮೇಲ್ ಓದುವ ಇನ್ನೊಂದು ವಿಧಾನ) ಸರ್ವರ್‌ನ ಸ್ವಂತ ಹೆಸರನ್ನೇ ಬರೆದುಕೊಂಡಿದ್ದ ಒಂದು ಕಂಪ್ಯೂಟರು ಸಿಕ್ಕಿದವು. ಅವು ಸುಲಭ. ಐಮ್ಯಾಪ್ ಲಾಗ್ ಬೇರೆ ಕಡೆ ಇರುತ್ತದೆ, ಅದನ್ನು ಬೇರೆಯಾಗಿಯೇ ಆನ್ ಮಾಡಿ ನೋಡಬೇಕು ಅನ್ನುವುದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಗಟ್ಟಿಯಾಗಿ ಕೂತಿದ್ದುದು ತೋಟದ ಆಫೀಸಿನ ಒಂದು ಲ್ಯಾಪ್‌ಟಾಪ್. ವಿಪಿಎನ್ ವಿಳಾಸದಿಂದ ದಿನಾ ಬೆಳಿಗ್ಗೆ ಬರುತ್ತಿತ್ತು. ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ವಿಳಾಸ ಹೇಳುವ ವ್ಯವಸ್ಥೆ) ಮೇಲ್ ಹೆಸರು ಹೊಸ ಸರ್ವರ್‌ಗೆ ತಿರುಗಿ ಎಷ್ಟೋ ದಿನ ಆಗಿದ್ದರೂ ಅದು ಮಾತ್ರ ಹಳೆಯದಕ್ಕೇ ಬರುತ್ತಿತ್ತು. ತೋಟದ ರೈಟರ್‌ಗೆ ಫೋನ್ ಮಾಡಿದೆ.

"ಸಾರ್, ನಮ್ಗೆ ಮೇಲ್ ಬರ್ತಾನೇ ಇದೆ. ಏನೂ ತೊಂದ್ರೆ ಇಲ್ಲ."

"ಬರ್ತಿದೆ ರೈಟರೇ, ಆದ್ರೆ ಹಳೇ ದಾರೀಲಿ ಬರ್ತಿದೆ. ಆ ದಾರಿ ಮುಚ್ತಾ ಇದೀನಿ. ಒಂದ್ ಹತ್ತು ನಿಮಿಷ ಲ್ಯಾಪ್‌ಟಾಪ್ ಮುಂದೆ ಕೂತ್ಕೊಳಿ."

ರಿಮೋಟ್‌ನಲ್ಲಿ ಹೋಗಿ ನೋಡಿದರೆ ಹೋಸ್ಟ್ಸ್ ಫೈಲ್‌ನಲ್ಲಿ (ಡಿಎನ್‌ಎಸ್‌ಗೂ ಮೊದಲು ಕಂಪ್ಯೂಟರ್ ನೋಡುವ ಸ್ವಂತ ಪಟ್ಟಿ) ನಮ್ಮ ಮೇಲ್ ಹೆಸರಿನ ಎದುರು ಹಳೆ ಸರ್ವರ್‌ನ ಐಪಿ ಬರೆದಿತ್ತು. ಅಲ್ಲಿ ಲಿಂಕ್ ಆಗಾಗ ಕೈಕೊಡುತ್ತದೆ. ಯಾವಾಗಲೋ ಡಿಎನ್‌ಎಸ್ ಉತ್ತರ ಬರದಿದ್ದಾಗ ಯಾರೋ ರಿಪೇರಿಗೆ ಬಂದವರು ಸೇರಿಸಿ ಹೋಗಿದ್ದಾರೆ, ಆವತ್ತಿನ ಕೆಲಸ ನಡೆದಿದೆ. ಆ ಸಾಲು ಅಳಿಸಿ, ಡಿಎನ್‌ಎಸ್ ಕ್ಯಾಶ್ ತೊಳೆದು, ಔಟ್‌ಲುಕ್ ಮುಚ್ಚಿ ತೆಗೆಸಿದೆ. ಮಾರನೆಯ ಬೆಳಿಗ್ಗೆ ಹಳೆ ಲಾಗ್‌ನಲ್ಲಿ ಆ ವಿಳಾಸ ಇರಲಿಲ್ಲ.

ಇನ್ನು ಎಸ್‌ಎಂಟಿಪಿ, ಅಂದರೆ ಮೇಲ್ ಕಳಿಸುವ ದಾರಿ. ನನ್ನ ಅನುಭವದಲ್ಲಿ ಹಳೆ ಮೇಲ್ ಸರ್ವರ್‌ಗೆ ನಿಜವಾಗಿ ಅಂಟಿಕೊಂಡಿರುವುದು ಮನುಷ್ಯರಲ್ಲ, ಯಂತ್ರಗಳು. ಸ್ಕ್ಯಾನರ್, ಸಿಸಿಟಿವಿ ರೆಕಾರ್ಡರ್, ಬಯೋಮೆಟ್ರಿಕ್ ಹಾಜರಾತಿ, ಯುಪಿಎಸ್‌ನ ನೆಟ್‌ವರ್ಕ್ ಕಾರ್ಡ್, ಬ್ಯಾಕಪ್ ಸಾಫ್ಟ್‌ವೇರ್. ಇವೆಲ್ಲ ಹೆಸರಿಗಿಂತ ಐಪಿ ವಿಳಾಸವನ್ನೇ ನೆಚ್ಚಿಕೊಂಡಿರುತ್ತವೆ, ಯಾಕೆಂದರೆ ಹಾಕಿದವರು ಹಾಗೇ ಹಾಕಿ ಹೋಗಿರುತ್ತಾರೆ. ಎಕ್ಸ್‌ಚೇಂಜ್‌ನ ಡೀಫಾಲ್ಟ್ ಫ್ರಂಟ್‌ಎಂಡ್ ಕನೆಕ್ಟರ್‌ನಲ್ಲಿ ಪ್ರೋಟೋಕಾಲ್ ಲಾಗ್ ಮೊದಲೇ ಆನ್ ಇರುತ್ತದೆ. ಆದರೆ ಇಂಥ ಯಂತ್ರಗಳ ಮೇಲ್ ಮುಂದಕ್ಕೆ ದಾಟಿಸಲು ನಾವೇ ಮಾಡಿಕೊಂಡ ರಿಲೇ ಕನೆಕ್ಟರ್‌ನಲ್ಲಿ ಅದು ಆಫ್. ವರ್ಬೋಸ್ ಅಂತ ನಾವೇ ಬದಲಾಯಿಸಬೇಕು. ನಮಗೆ ಬೇಕಾದ ಯಂತ್ರಗಳೆಲ್ಲ ಬರುವುದು ಆ ರಿಲೇ ಕನೆಕ್ಟರ್‌ಗೇ. ಹಾಗಾಗಿ ಅದನ್ನು ಆನ್ ಮಾಡದೆ ಲಾಗ್ ಖಾಲಿ ಇದೆ ಅಂತ ತೀರ್ಮಾನಿಸಿದರೆ ಕೆಟ್ಟಿತು.

ಆನ್ ಮಾಡಿ, ಕೆಲವು ವಾರ ಬಿಟ್ಟು, ಬಂದ ವಿಳಾಸಗಳ ಪಟ್ಟಿ ಮಾಡಿದೆ. ಸ್ಕ್ಯಾನರ್, ಹಾಜರಾತಿ, ಯುಪಿಎಸ್ ಕಾರ್ಡ್ ಸಿಕ್ಕವು. ಆದರೆ ಪಟ್ಟಿ ನೋಡುತ್ತ ಕೂತಾಗ ನನಗೆ ಸಮಾಧಾನ ಆಗಲಿಲ್ಲ. ಅದು ಅಕ್ಟೋಬರ್. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅಕ್ಟೋಬರ್ ಅಂದರೆ ಹಳೆ ಬೆಳೆಯ ಕೆಲಸ ಮುಗಿದು, ಹೊಸ ಬೆಳೆ ಇನ್ನೂ ಗಿಡದ ಮೇಲಿರುವ ಕಾಲ. ಅರೇಬಿಕಾ ಕೊಯ್ಲು ಶುರುವಾಗುವುದು ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ. ಅದರ ಹಿಂದೆ ರೋಬಸ್ಟಾ. ಗೇಟಿನಲ್ಲಿ ಲಾರಿ ಇಲ್ಲದಿದ್ದರೆ ವೇಬ್ರಿಡ್ಜ್ ತೂಕದ ಚೀಟಿ ಕಳಿಸುವುದಿಲ್ಲ. ಬೀಜ ಗ್ರೇಡ್ ಆಗದಿದ್ದರೆ ಔಟ್‌ಟರ್ನ್ ಮೇಲ್ ಹುಟ್ಟುವುದಿಲ್ಲ. ಲಾಗ್ ತೋರಿಸುವುದು ಮಾತಾಡಿದವರನ್ನು ಮಾತ್ರ. ಸುಗ್ಗಿಯಲ್ಲಿ ಮಾತ್ರ ಬಾಯಿ ಬಿಡುವ ಯಂತ್ರ ಆ ಪಟ್ಟಿಯಲ್ಲಿ ಹೇಗೆ ಬಂದೀತು?

ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ಗೆಳೆಯರು ಇಂಥ ಕೆಲಸಕ್ಕೆ "ಒಂದು ತಿಂಗಳ ಲಾಗ್ ಸಾಕು" ಅನ್ನುತ್ತಾರೆ. ಅವರಿಗೆ ಸಾಕಾಗಬಹುದು. ಬೆಳೆಯ ಜೊತೆ ನಡೆಯುವ ವ್ಯವಹಾರಕ್ಕೆ ಸಾಲದು. ಇಲ್ಲಿ ವರ್ಷವೇ ಒಂದು ಸುತ್ತು. ಹಾಗಂತ ಬೆಂಬಲ ಮುಗಿದ ಸರ್ವರ್ ಇಟ್ಟುಕೊಂಡು ವರ್ಷ ಕಾಯುವ ಹಾಗೂ ಇಲ್ಲ. ಉಳಿದ ದಾರಿ ಒಂದೇ, ಕಾಲ್ನಡಿಗೆ.

ನೋಟ್‌ಬುಕ್ ಹಿಡಿದು ಗೇಟಿನಿಂದ ಶುರು ಮಾಡಿದೆ. ವೇಬ್ರಿಡ್ಜ್ ಕ್ಯಾಬಿನ್ನಿನ ಪಿಸಿ ಮೇಲೆ ಧೂಳು ಕೂತಿತ್ತು. ತೂಕದ ಸಾಫ್ಟ್‌ವೇರ್ ತೆರೆದು, ಸೆಟ್ಟಿಂಗ್ಸ್ ಒಳಗೆ ಎರಡು ಮೆನು ಇಳಿದರೆ ಮೇಲ್ ಪುಟ ಸಿಕ್ಕಿತು. ಸರ್ವರ್ ಅನ್ನುವ ಜಾಗದಲ್ಲಿ ಹಳೆ ಸರ್ವರ್‌ನ ಐಪಿ, ಪೋರ್ಟ್ 25, ಯೂಸರ್‌ನೇಮ್ ಪಾಸ್‌ವರ್ಡ್ ಖಾಲಿ. ಲಾರಿ ತೂಕವಾದ ಕೂಡಲೇ ಬೆಳೆಗಾರರಿಗೆ ಒಂದು ಪ್ರತಿ, ಗೋಡೌನಿಗೆ ಒಂದು ಪ್ರತಿ ಹೋಗುವುದು ಇಲ್ಲಿಂದಲೇ. ಇದು ಹಾಗೇ ಉಳಿದಿದ್ದರೆ ಮೊದಲ ಲಾರಿ ಬಂದ ದಿನ ಚೀಟಿ ಹೋಗುತ್ತಿರಲಿಲ್ಲ. ಅದೂ ಗೇಟಿನಲ್ಲಿ ಹತ್ತು ಲಾರಿ ಸಾಲು ನಿಂತಿರುವ ಹೊತ್ತಿನಲ್ಲಿ.

ಅಲ್ಲಿಂದ ಲ್ಯಾಬು, ಗ್ರೇಡಿಂಗ್ ವಿಭಾಗ, ಕಲರ್ ಸಾರ್ಟರ್ ಪಕ್ಕದ ಪಿಸಿ, ಅಕೌಂಟ್ಸ್. ಔಟ್‌ಟರ್ನ್ ತಯಾರಿಸುವ ಪ್ರೋಗ್ರಾಂ ಸರ್ವರ್ ಹೆಸರನ್ನು ಡೇಟಾಬೇಸಿನ ಒಂದು ಕೋಷ್ಟಕದಲ್ಲಿ ಇಟ್ಟುಕೊಂಡಿತ್ತು. ಪರದೆಯ ಮೇಲೆ ಎಲ್ಲೂ ಕಾಣುವುದಿಲ್ಲ. ಅದನ್ನು ಹುಡುಕಿಕೊಟ್ಟಿದ್ದು ಅಕೌಂಟ್ಸ್‌ನ ಹಿರಿಯ ಮೇಡಂ. "ಅದು ಬರ್ದವ್ರು ಬಂದು ಹಾಕುವಾಗ ನಾನೇ ಪಕ್ಕದಲ್ಲಿ ಕೂತಿದ್ದೆ" ಅಂದರು. ಹಳೆ ಸಿಬ್ಬಂದಿಯ ನೆನಪು ಎಂಥ ದಾಖಲೆಗಿಂತಲೂ ಉಪಕಾರಿ. ವ್ಯವಸ್ಥೆಯ ಬಗ್ಗೆ ಪ್ರಶ್ನೆ ಕೇಳುವಾಗ ನಾವು ಅವರನ್ನು ಬಿಟ್ಟು ಬರೀ ವೆಂಡರ್‌ಗಳನ್ನು ಕೇಳುತ್ತೇವೆ, ಅದು ಸರಿಯಲ್ಲ.

ಯಂತ್ರಗಳನ್ನು ಹೊಸ ಸರ್ವರ್‌ಗೆ ತಿರುಗಿಸುವಾಗ ಐಪಿ ಬದಲು ಹೆಸರು ಕೊಟ್ಟೆ. ಅಂತರಂಗದ ಡಿಎನ್‌ಎಸ್‌ನಲ್ಲಿ ರಿಲೇಗೆಂದೇ ಒಂದು ಹೆಸರು ಮಾಡಿ, ಎಲ್ಲ ಕಡೆ ಅದನ್ನೇ ಬರೆದೆ. ಮುಂದಿನ ಸಲ ಸರ್ವರ್ ಬದಲಾದಾಗ ಒಂದು ದಾಖಲೆ ತಿದ್ದಿದರೆ ಸಾಕು. ಹೊಸ ಸರ್ವರ್‌ನಲ್ಲಿ ರಿಲೇ ಕನೆಕ್ಟರ್ ಮಾಡುವಾಗ ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. ಹಳೆಯದರ ಐಪಿ ಪಟ್ಟಿ ನಕಲು ಮಾಡಿದರೆ ಕನೆಕ್ಟರ್ ತಯಾರಾಗುತ್ತದೆ, ಆದರೆ ಲಾಗಿನ್ ಇಲ್ಲದೆ ಹೊರಗಿನ ವಿಳಾಸಗಳಿಗೆ ಕಳಿಸುವ ಅನುಮತಿ ಅದರ ಜೊತೆ ಬರುವುದಿಲ್ಲ. ಅನಾನಿಮಸ್ ಲಾಗನ್‌ಗೆ 'ಆಕ್ಸೆಪ್ಟ್ ಎನಿ ರೆಸಿಪಿಯೆಂಟ್' ಅನ್ನುವ ಹಕ್ಕನ್ನು ಪವರ್‌ಶೆಲ್‌ನಲ್ಲಿ (ಆದೇಶ ಬರೆದು ಕೊಡುವ ಕಿಟಕಿ) ಬೇರೆಯಾಗಿ ಕೊಡಬೇಕು. ಕೊಡದಿದ್ದರೆ ಆಫೀಸಿನ ಒಳಗಿನ ವಿಳಾಸಕ್ಕೆ ಮೇಲ್ ಹೋಗುತ್ತದೆ, ಪರೀಕ್ಷೆ ಪಾಸಾಯಿತು ಅನಿಸುತ್ತದೆ. ಬೆಳೆಗಾರನ ಜಿಮೇಲ್‌ಗೆ ಕಳಿಸಿದಾಗ ಮಾತ್ರ 550 5.7.54 ಅಂತ ತಿರುಗಿ ಬರುತ್ತದೆ. ಹಾಗಾಗಿ ಪ್ರತಿ ಯಂತ್ರದಿಂದಲೂ ಹೊರಗಿನ ಒಂದು ವಿಳಾಸಕ್ಕೆ ಕಳಿಸಿ ನೋಡಿದೆ. ಈ ಅನುಮತಿ ಕೊಡುವಾಗ ಐಪಿ ಪಟ್ಟಿ ಮಾತ್ರ ಬಿಗಿಯಾಗಿರಬೇಕು. ಇಡೀ ನೆಟ್‌ವರ್ಕ್‌ಗೆ ತೆರೆದರೆ ಒಂದು ವೈರಸ್ ಹೊಕ್ಕ ಲ್ಯಾಪ್‌ಟಾಪ್ ಸಾಕು, ನಮ್ಮ ಹೆಸರಲ್ಲಿ ಸ್ಪ್ಯಾಮ್ ಹರಿಯಲು.

ಸ್ಕ್ಯಾನರ್ ಇನ್ನೊಂದು ತಕರಾರು ತೆಗೆಯಿತು. ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಪಾಡುವ ಟಿಎಲ್‌ಎಸ್‌ನಲ್ಲಿ ಅದಕ್ಕೆ ಗೊತ್ತಿರುವುದು 1.0 ಮಾತ್ರ; 2019ರಿಂದ ಈಚೆಗಿನ ಎಕ್ಸ್‌ಚೇಂಜ್ ಮೊದಲಿಂದಲೇ ಟಿಎಲ್‌ಎಸ್ 1.2ಕ್ಕಿಂತ ಕೆಳಗಿನದನ್ನು ಮುಚ್ಚಿಟ್ಟಿರುತ್ತದೆ. ಒಂದು ಸ್ಕ್ಯಾನರ್‌ಗಾಗಿ ಸರ್ವರ್‌ನ ಭದ್ರತೆ ಇಳಿಸುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಸ್ಕ್ಯಾನರ್‌ನಲ್ಲೇ ಟಿಎಲ್‌ಎಸ್ ಆಫ್ ಮಾಡಿ, ಒಳಗಿನ ನೆಟ್‌ವರ್ಕ್‌ನಲ್ಲಿ, ಅದರ ಒಂದೇ ಐಪಿಗೆ, ಆಫೀಸಿನ ವಿಳಾಸಗಳಿಗೆ ಮಾತ್ರ ಕಳಿಸುವಂತೆ ಬಿಟ್ಟೆ.

ಫೈರ್‌ವಾಲ್ ನೋಡುವಾಗ ಸಿಕ್ಕಿದ್ದು ಬಹುಶಃ ಎಲ್ಲಕ್ಕಿಂತ ದೊಡ್ಡದು. ನಮಗೆ ಎರಡು ಇಂಟರ್ನೆಟ್ ಲೈನ್. ಮಳೆಗಾಲದಲ್ಲಿ ಮರ ಬಿದ್ದು ಮುಖ್ಯ ಫೈಬರ್ ಕಡಿದರೆ ಇರಲಿ ಅಂತ ಎರಡನೆಯದು. ಡಿಎನ್‌ಎಸ್‌ನಲ್ಲಿ ಎರಡು ಎಂಎಕ್ಸ್ ದಾಖಲೆ (ನಮಗೆ ಬರುವ ಮೇಲ್ ಎಲ್ಲಿಗೆ ತಲುಪಬೇಕು ಅನ್ನುವ ದಾಖಲೆ), ಆದ್ಯತೆ 10 ಮತ್ತು 20. ಮೊದಲನೆಯದು ಸಿಗದಿದ್ದಾಗ ಹೊರಗಿನ ಸರ್ವರ್‌ಗಳು ಎರಡನೆಯದಕ್ಕೆ ಬರುತ್ತವೆ. ಮುಖ್ಯ ಲೈನ್‌ನ 25ನೇ ಪೋರ್ಟ್ ಹೊಸ ಸರ್ವರ್‌ಗೆ ತಿರುಗಿತ್ತು. ಎರಡನೇ ಲೈನ್‌ನ ನಿಯಮ ಫೈರ್‌ವಾಲ್‌ನ ಬೇರೊಂದು ಪುಟದಲ್ಲಿ, ಇನ್ನೂ ಹಳೆಯದರ ಕಡೆ ಮುಖ ಮಾಡಿತ್ತು. ದಿನನಿತ್ಯ ಅದರಲ್ಲಿ ಬರುವುದು ಸ್ಪ್ಯಾಮ್ ಮಾತ್ರ, ಹಾಗಾಗಿ ಲಾಗ್‌ನಲ್ಲಿ ಕಂಡರೂ ಅದು ಗಮನಕ್ಕೆ ಬರುವುದಿಲ್ಲ. ಅದನ್ನು ತಿರುಗಿಸಿ, ಒಂದು ಭಾನುವಾರ ಮುಖ್ಯ ಲೈನ್‌ನ ಕೇಬಲ್ ಕಿತ್ತು, ಹೊರಗಿನಿಂದ ಮೇಲ್ ಕಳಿಸಿ, ಹೊಸ ಸರ್ವರ್‌ಗೆ ಬಂದು ಬೀಳುವುದನ್ನು ಕಣ್ಣಾರೆ ನೋಡಿದ ಮೇಲೆ ಮನೆಗೆ ಹೋದೆ.

ಈಗ ಸರ್ವರ್ ಒಳಗಿನ ಕೆಲಸ. ಗೆಟ್-ಮೇಲ್‌ಬಾಕ್ಸ್ ಅಂತ ಕೇಳಿದರೆ ಹಳೆ ಡೇಟಾಬೇಸಿನಲ್ಲಿ ಏನೂ ಇಲ್ಲ ಅನ್ನುತ್ತದೆ. ಅದು ಹೇಳುವುದು ಜನರ ಮೇಲ್‌ಬಾಕ್ಸ್ ಬಗ್ಗೆ. ಎಕ್ಸ್‌ಚೇಂಜ್‌ಗೆ ತನ್ನದೇ ಆದ ಒಳ ಮೇಲ್‌ಬಾಕ್ಸ್‌ಗಳಿವೆ. ಆರ್ಬಿಟ್ರೇಷನ್ ಅನ್ನುವ ಗುಂಪಿನವು, ಆಫ್‌ಲೈನ್ ಅಡ್ರೆಸ್ ಬುಕ್ ತಯಾರಿಸುವುದು, ಮೇಲ್‌ಬಾಕ್ಸ್ ಸಾಗಣೆಯ ಲೆಕ್ಕ ಇಡುವುದು ಇಂಥ ಕೆಲಸ ಮಾಡುವಂಥವು. ಆಡಿಟ್‌ಲಾಗ್ ಬೇರೆ, ಪಬ್ಲಿಕ್ ಫೋಲ್ಡರ್ ಬೇರೆ, ಆರ್ಕೈವ್ ಬೇರೆ. ಪ್ರತಿಯೊಂದಕ್ಕೂ ಆದೇಶದಲ್ಲಿ ಬೇರೆ ಬೇರೆ ಪದ ಸೇರಿಸಿ ಕೇಳಿದರೆ ಮಾತ್ರ ಉತ್ತರ. ಆರ್ಬಿಟ್ರೇಷನ್‌ನವನ್ನು ಹೊಸ ಸರ್ವರ್ ಹಾಕಿದ ಕೂಡಲೇ ಸಾಗಿಸಿದ್ದೆ, ಅದನ್ನು ಮೊದಲೇ ಮಾಡುವುದು ಸರಿ. ಕೊನೆಗೆ ರಿಮೂವ್-ಮೇಲ್‌ಬಾಕ್ಸ್‌ಡೇಟಾಬೇಸ್ ಕೊಟ್ಟಾಗ ಡೇಟಾಬೇಸ್ ಒಪ್ಪಲಿಲ್ಲ; ಒಳಗೆ ಇನ್ನೂ ಏನೋ ಇದೆ ಅಂತ ಕೆಂಪಕ್ಷರದ ಉದ್ದ ಪ್ಯಾರಾ ಬಂತು. ಆ ಪ್ಯಾರಾವನ್ನು ಪೂರ್ತಿ ಓದಬೇಕು, ಯಾವ ಯಾವ ಆದೇಶ ಕೊಟ್ಟು ಹುಡುಕಬೇಕು ಅಂತ ಅದರಲ್ಲೇ ಬರೆದಿರುತ್ತದೆ. ನಮ್ಮಲ್ಲಿ ಉಳಿದಿದ್ದುದು ಆಡಿಟ್‌ಲಾಗ್ ಮೇಲ್‌ಬಾಕ್ಸ್. ಸಾಗಿಸಿದ ಮೇಲೆ ಡೇಟಾಬೇಸ್ ಹೋಯಿತು. ಹೋಯಿತು ಅಂದರೆ ಪಟ್ಟಿಯಿಂದ. ಇಡಿಬಿ ಫೈಲ್, ಅಂದರೆ ಡೇಟಾಬೇಸಿನ ಮೂಲ ಫೈಲ್, ಡಿಸ್ಕ್‌ನಲ್ಲಿ ಹಾಗೇ ಇರುತ್ತದೆ, ಅದನ್ನು ನಾವೇ ಅಳಿಸಬೇಕು.

ಡೇಟಾಬೇಸಿಗೆ ಕೈ ಹಾಕುವ ಮುನ್ನವೇ ಒಂದು ವಿಷಯ ಇತ್ಯರ್ಥ ಮಾಡಿಕೊಂಡಿದ್ದೆ. ಕೆಲಸ ಬಿಟ್ಟು ಹೋದವರ ಹಳೆ ಮೇಲ್‌ಬಾಕ್ಸ್‌ಗಳನ್ನು ಹೊಸ ಸರ್ವರ್‌ಗೆ ತಂದಿರಲಿಲ್ಲ. "ಡೇಟಾಬೇಸ್ ಬ್ಯಾಕಪ್ ಇದೆಯಲ್ಲ, ಬೇಕಾದಾಗ ತೆಗೆದ್ರಾಯ್ತು" ಅಂತ ಮೀಟಿಂಗ್‌ನಲ್ಲಿ ಮಾತು ಬಂತು. ಹಾಗೆ ಆಗುವುದಿಲ್ಲ. ರಿಕವರಿ ಡೇಟಾಬೇಸ್ ಅನ್ನುವ ಸೌಲಭ್ಯ ಅದೇ ಆವೃತ್ತಿಯ ಸರ್ವರ್‌ನಲ್ಲಿ ಮಾತ್ರ ನಡೆಯುತ್ತದೆ. 2016ರ ಇಡಿಬಿ ಫೈಲನ್ನು ಹೊಸ ಎಕ್ಸ್‌ಚೇಂಜ್ ಮೌಂಟ್ ಮಾಡುವುದಿಲ್ಲ. ಕೊನೆಯ 2016 ಸರ್ವರ್ ಹೋದ ಮೇಲೆ ಆ ಬ್ಯಾಕಪ್‌ನಿಂದ ಒಂದು ಪತ್ರ ಬೇಕೆಂದರೂ 2016ರ ಸರ್ವರನ್ನೇ ಮತ್ತೆ ಕಟ್ಟಬೇಕು, ಇಲ್ಲವೇ ಹೊರಗಿನ ದುಬಾರಿ ಸಾಫ್ಟ್‌ವೇರ್ ಕೊಳ್ಳಬೇಕು. ಕಂಪನಿ ಕಾಯ್ದೆ 2013ರ 128ನೇ ಸೆಕ್ಷನ್ ಪ್ರಕಾರ ಲೆಕ್ಕದ ಪುಸ್ತಕ ಮತ್ತು ವೋಚರ್‌ಗಳನ್ನು 8 ಹಣಕಾಸು ವರ್ಷ ಇಡಬೇಕು. ಜಿಎಸ್‌ಟಿ ದಾಖಲೆಗಳಿಗೆ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು. ನಮ್ಮಲ್ಲಿ ಎಷ್ಟೋ ಒಪ್ಪಂದ, ಬಿಲ್ಲು ಮೇಲ್‌ನಲ್ಲಿ ಮಾತ್ರ ಇವೆ. ಹಾಗಾಗಿ ಆ ಮೇಲ್‌ಬಾಕ್ಸ್‌ಗಳನ್ನೆಲ್ಲ ಪಿಎಸ್‌ಟಿ (ಔಟ್‌ಲುಕ್‌ನಲ್ಲಿ ತೆರೆಯಬಹುದಾದ) ಫೈಲ್‌ಗಳಾಗಿ ಉಳಿಸಿಕೊಂಡು, ಆಮೇಲೆಯೇ ಸರ್ವರ್‌ನಿಂದ ತೆಗೆದೆ. ಇದಕ್ಕೆ ಬೇಕಾದ 'ಮೇಲ್‌ಬಾಕ್ಸ್ ಇಂಪೋರ್ಟ್ ಎಕ್ಸ್‌ಪೋರ್ಟ್' ಹಕ್ಕು ಅಡ್ಮಿನ್‌ಗೂ ತಾನಾಗಿ ಇರುವುದಿಲ್ಲ, ಕೊಟ್ಟುಕೊಳ್ಳಬೇಕು. ಫೈಲ್ ಬೀಳುವ ಫೋಲ್ಡರ್‌ಗೆ ಎಕ್ಸ್‌ಚೇಂಜ್ ಟ್ರಸ್ಟೆಡ್ ಸಬ್‌ಸಿಸ್ಟಮ್‌ಗೆ ಬರೆಯುವ ಅನುಮತಿಯೂ ಬೇಕು. ಮುಗಿದ ಮೇಲೆ ಆ ಹಕ್ಕನ್ನು ವಾಪಸ್ ತೆಗೆದೆ. ಇನ್ನೊಬ್ಬರ ಪತ್ರ ಓದುವ ಅಧಿಕಾರ ಯಾರ ಕೈಯಲ್ಲೂ ಸುಮ್ಮನೆ ಇರಬಾರದು, ನನ್ನ ಕೈಯಲ್ಲೂ.

ಸರ್ವರ್‌ನ ಲಾಗ್‌ಗಳನ್ನೂ ತೆಗೆದಿಟ್ಟೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ 180 ದಿನದ ಲಾಗ್ ಇರಬೇಕು. ಎಕ್ಸ್‌ಚೇಂಜ್‌ನ ಮೆಸೇಜ್ ಟ್ರ್ಯಾಕಿಂಗ್ ಲಾಗ್ ನಾವು ಹೇಳದಿದ್ದರೆ 30 ದಿನ ಮಾತ್ರ ಇಟ್ಟುಕೊಳ್ಳುತ್ತದೆ. ಸರ್ವರ್ ಹೋದರೆ ಅದೂ ಹೋಗುತ್ತದೆ.

ಆಮೇಲೆ ಸೆಂಡ್ ಕನೆಕ್ಟರ್‌ನಿಂದ ಹಳೆ ಸರ್ವರ್ ಹೆಸರು ತೆಗೆದು, ಔಟ್‌ಲುಕ್‌ಗೆ ಸರ್ವರ್ ಎಲ್ಲಿದೆ ಅಂತ ಹೇಳುವ ಆಟೋಡಿಸ್ಕವರ್ ವಿಳಾಸ ನೋಡಿ, ಹೊರಡಲು ಕಾಯುವ ಮೇಲ್‌ಗಳ ಕ್ಯೂ ಖಾಲಿ ಇದೆ ಅಂತ ಖಚಿತ ಮಾಡಿಕೊಂಡು, ಆಗ ಆಫ್ ಮಾಡಿದೆ. ಇದು ಪರೀಕ್ಷೆಗೆ ಮಾತ್ರ. ತಿಂಗಳ ಕೊನೆ ಅದರೊಳಗೆ ಬರುವಂತೆ ನೋಡಿಕೊಂಡೆ, ಸಂಬಳದ ಚೀಟಿ ಹೋಗುವುದು ಆಗಲೇ. ಚೀಟಿ ಎಲ್ಲರಿಗೂ ಹೋಯಿತು. ಯಾವುದೂ ನಿಲ್ಲಲಿಲ್ಲ. ಮತ್ತೆ ಆನ್ ಮಾಡಿ, ಎಲ್ಲ ಸರ್ವಿಸ್‌ಗಳೂ ಸರಿಯಾಗಿ ಎದ್ದಿವೆಯೇ ನೋಡಿದೆ. ಕಿತ್ತೆಸೆಯುವ ಸರ್ವರ್‌ಗೆ ಯಾಕೆ ಇಷ್ಟು ಉಪಚಾರ ಅಂತ ಸಹಾಯಕ ಹುಡುಗ ಕೇಳಿದ. ಅನ್‌ಇನ್‌ಸ್ಟಾಲ್ ಅನ್ನುವುದು ಬರೀ ಫೈಲ್ ಅಳಿಸುವುದಲ್ಲ. ಆ ಸರ್ವರ್ ಆಕ್ಟಿವ್ ಡೈರೆಕ್ಟರಿಗೆ ಮಾತಾಡಿ ತನ್ನ ದಾಖಲೆಗಳನ್ನು ತಾನೇ ಹಿಂತೆಗೆದುಕೊಳ್ಳಬೇಕು. ಅದಕ್ಕೆ ಅದು ಎದ್ದು ನಿಂತಿರಬೇಕು. ಎಡಿಎಸ್‌ಐ ಎಡಿಟ್ ಅನ್ನುವ ಸಾಧನದಲ್ಲಿ ಆ ದಾಖಲೆಗಳನ್ನು ಕೈಯಿಂದ ಅಳಿಸಿದರೆ ಬೇಗ ಆಗುತ್ತದೆ ಅಂತ ಹೇಳುವವರಿದ್ದಾರೆ. ಸರ್ವರ್ ಸುಟ್ಟು ಹೋಗಿ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಆ ಕೆಲಸ. ಇರುವ ಸರ್ವರ್‌ಗೆ ಅದನ್ನು ಮಾಡುವುದು ತಪ್ಪು.

ಅನ್‌ಇನ್‌ಸ್ಟಾಲ್ ಮಾಡುವ ಸೆಟಪ್ ಶುರುವಾದ ಕೂಡಲೇ ತಪಾಸಣೆ ಮಾಡುತ್ತದೆ. ಡೇಟಾಬೇಸಿನಲ್ಲಿ ಮೇಲ್‌ಬಾಕ್ಸ್ ಉಳಿದಿದ್ದರೆ, ಸರ್ವರ್ ಇನ್ನೂ ಯಾವುದಾದರೂ ಸೆಂಡ್ ಕನೆಕ್ಟರ್‌ನ ಮೂಲವಾಗಿದ್ದರೆ ಅಲ್ಲೇ ನಿಲ್ಲಿಸಿ ಹೇಳುತ್ತದೆ. ನಮ್ಮಲ್ಲಿ ಎಲ್ಲ ಹಸಿರು. ಹಂತಗಳು ನಿಧಾನವಾಗಿ ಮುಂದೆ ಹೋದವು, ಮುಗಿದ ಮೇಲೆ ಹೊಸ ಸರ್ವರ್‌ನಲ್ಲಿ ಗೆಟ್-ಎಕ್ಸ್‌ಚೇಂಜ್‌ಸರ್ವರ್ ಕೊಟ್ಟೆ, ಒಂದೇ ಹೆಸರು ಬಂತು. ಆ ಒಂದು ಸಾಲು ನೋಡಿ ಆದ ಸಂತೋಷ ದೊಡ್ಡದು.

ಉಳಿದದ್ದು ಗುಡಿಸುವ ಕೆಲಸ. ಡೊಮೈನ್‌ನಿಂದ ಯಂತ್ರ ಹೊರತೆಗೆದು ಅದರ ಕಂಪ್ಯೂಟರ್ ಖಾತೆ ಅಳಿಸಿದೆ. ಡಿಎನ್‌ಎಸ್‌ನಿಂದ ಹೆಸರು, ಫೈರ್‌ವಾಲ್‌ನಿಂದ ನಿಯಮ, ಬ್ಯಾಕಪ್‌ನಿಂದ ಕೆಲಸ, ಮಾನಿಟರಿಂಗ್‌ನಿಂದ ಅಲಾರಂ ತೆಗೆದೆ. ಹಳೆ ಡೇಟಾಬೇಸಿನ ಜೊತೆ ಅನಾಥವಾದ ಹೆಲ್ತ್‌ಮೇಲ್‌ಬಾಕ್ಸ್ ಖಾತೆಗಳನ್ನೂ ತೆಗೆದೆ. ಡಿಸ್ಕ್‌ಗಳನ್ನು ಪೂರ್ತಿ ಓವರ್‌ರೈಟ್ ಮಾಡಿ, ಆಮೇಲೆ ವರ್ಕ್‌ಶಾಪ್‌ನಲ್ಲಿ ಡ್ರಿಲ್ ಹಾಕಿಸಿದೆ. ಗುಜರಿಯವರು ಒಳ್ಳೆ ರೇಟ್ ಹೇಳಿದರು, ಕೊಡಲಿಲ್ಲ. ಇ-ತ್ಯಾಜ್ಯ ನಿಯಮ 2022 ಜಾರಿಯಾಗಿದ್ದು 2023ರ ಏಪ್ರಿಲ್ 1ರಿಂದ. ನೋಂದಾಯಿತ ಮರುಬಳಕೆದಾರರಿಗೆ ಕೊಟ್ಟು ರಸೀದಿ ಫೈಲ್ ಮಾಡಿದ್ದೇವೆ.

ಹಳೆ ಐಪಿ ವಿಳಾಸವನ್ನು ಹೊಸ ಸರ್ವರ್‌ಗೇ ಎರಡನೇ ವಿಳಾಸವಾಗಿ ಕೊಟ್ಟುಬಿಡಿ, ಯಾರಾದರೂ ಉಳಿದಿದ್ದರೂ ನಡೆಯುತ್ತದೆ ಅಂತ ಒಂದು ಸಲಹೆ ಇತ್ತು. ನಾನು ಕೊಡಲಿಲ್ಲ. ಕೊಟ್ಟರೆ ಉಳಿದವರು ಯಾರು ಅಂತ ಯಾವತ್ತೂ ಗೊತ್ತಾಗುವುದಿಲ್ಲ. ಅದರ ಬದಲು ಆ ವಿಳಾಸವನ್ನು ಯಾವ ಯಂತ್ರಕ್ಕೂ ಕೊಡದೆ, ಸರ್ವರ್‌ಗಳ ನೆಟ್‌ವರ್ಕ್‌ಗೆ ಬೇರೆ ವಿಭಾಗಗಳಿಂದ ಬರುವುದೆಲ್ಲ ಫೈರ್‌ವಾಲ್ ದಾಟಿಯೇ ಬರಬೇಕಾದ್ದರಿಂದ, ಅಲ್ಲಿ ಆ ವಿಳಾಸಕ್ಕೆ ಯಾರು ಬಂದರೂ ನನಗೆ ಸೂಚನೆ ಬರುವಂತೆ ಇಟ್ಟೆ. ಹೊಸ ಬೆಳೆಯ ಲಾರಿಗಳು ಬರತೊಡಗಿದವು. ವೇಬ್ರಿಡ್ಜ್ ಚೀಟಿಗಳು ಮೊದಲ ದಿನದಿಂದಲೇ ಸರಿಯಾಗಿ ಹೋದವು. ಕೆಲವು ದಿನದ ಮೇಲೆ ಒಂದು ಸೂಚನೆ ಬಂತು: ದೂರದ ಗೋಡೌನಿನ ಸ್ಟಾಕ್ ಪಿಸಿ. ನಾನು ಸುತ್ತು ಹಾಕಿದಾಗ ಆ ಗೋಡೌನ್ ಖಾಲಿಯಿತ್ತು, ಪಿಸಿಯನ್ನು ಬಿಚ್ಚಿ ಸ್ಟೋರ್‌ನಲ್ಲಿ ಇಟ್ಟಿದ್ದರು. ಮೂಟೆ ಬಂದ ಮೇಲೆ ತಂದು ಜೋಡಿಸಿದ್ದಾರೆ. ಸಂಜೆಯ ಸ್ಟಾಕ್ ವರದಿ ಹೊರಡುವ ಮುನ್ನ ಹೋಗಿ ರಿಲೇ ಹೆಸರು ಬರೆದು, ಒಂದು ಪರೀಕ್ಷಾ ಮೇಲ್ ಕಳಿಸಿದೆ. ಗೋಡೌನ್ ಕೀಪರ್ ತಮ್ಮ ಫೋನ್ ತೆಗೆದು ನೋಡಿ, "ಬಂತು ಸಾರ್" ಅಂದರು. ಈ ಸುಗ್ಗಿ ಮುಗಿದು, ಮಾರ್ಚ್ ಕೊನೆಯ ಲೆಕ್ಕ ಮುಗಿಯುವವರೆಗೆ ಆ ಸೂಚನೆ ಹಾಗೇ ಇರುತ್ತದೆ.